ಹೊಸದಾಗಿ ಅಚ್ಚಾದ ಹಳೆಯ ಕಾಗದ

ಕಾಗದ ಕತ್ತರಿಸಿ ಅಂಟಿಸುವ ಹುಚ್ಚು ಹಿಡಿದವರಿಗೆ ಎಷ್ಟು ದೊಡ್ಡ ಮೇಜು ಕೊಡಿಸಿದರೂ ಕೆಲಸಕ್ಕೆ ಉಳಿಯುವುದು ಗೇಣಗಲದ ಜಾಗ. ಮಿಕ್ಕಿದ್ದೆಲ್ಲ ಚೂರುಪಾರುಗಳ ಪಾಲು. ಎಸೆಯೋಣವೆಂದರೆ ಒಂದು ಚೂರಿನಲ್ಲಿ ಅರ್ಧ ಗುಲಾಬಿ ಇರುತ್ತದೆ, ಇನ್ನೊಂದರಲ್ಲಿ ಗಡಿಯಾರದ ಮುಳ್ಳು, ಮತ್ತೊಂದರಲ್ಲಿ ಯಾವುದೋ ಊರಿನ ಅಂಚೆ ಮುದ್ರೆಯ ಕಾಲುಭಾಗ. ಇವತ್ತಲ್ಲ ನಾಳೆ ಬೇಕಾದೀತೆಂದು ಎತ್ತಿಡುತ್ತೇವೆ. ಆ ನಾಳೆ ಬರುವುದಿಲ್ಲ, ಚೂರು ಹೋಗುವುದಿಲ್ಲ. ನಮ್ಮ ಮನೆಯ ಊಟದ ಮೇಜಿನ ಒಂದು ತುದಿ ನನ್ನ ಒತ್ತುವರಿಗೆ ಸಿಕ್ಕಿ ವರ್ಷಗಳಾದವು. ‘ಸಾರಿನ ಪಾತ್ರೆಗಾದರೂ ಸ್ವಲ್ಪ ಜಾಗ ಬಿಡು ಮಾರಾಯ್ತಿ’ ಎಂದು ಯಜಮಾನರು ಆಗಾಗ ಅಹವಾಲು ಸಲ್ಲಿಸುತ್ತಾರೆ. ಪರಿಶೀಲಿಸೋಣ ಎನ್ನುತ್ತೇನೆ. ಸರ್ಕಾರಿ ನೌಕರಿ ಮಾಡಿದವಳಿಗೆ ಅಷ್ಟು ಬಾರದೆ ಇರುತ್ತದೆಯೇ?

ಈ ಹುಚ್ಚಿನಲ್ಲೂ ನನ್ನದೊಂದು ಒಳಪಂಗಡ. ಹಳೆಯ ಕಾಲದ ಚಿತ್ತಾರವನ್ನು ಹೊಸದಾಗಿ ಅಚ್ಚು ಹಾಕಿದ ದಪ್ಪ ಕಾಗದ ತರುವುದು. ಅದನ್ನು ಕತ್ತರಿಸಿ, ಹರಿದು, ಅಂಚಿಗೆ ಬಣ್ಣ ಸವರಿ, ಒಂದರ ಮೇಲೊಂದು ಪದರವಾಗಿ ಕೂರಿಸುವುದು. ನಡುನಡುವೆ ಲೇಸು, ಗುಂಡಿ, ಜರಿ ದಾರ, ಒಂದಿಷ್ಟು ಬಣ್ಣ ಸೇರಿಸುವುದು. ಕೊನೆಗೆ ಅದೊಂದು ಚೌಕಟ್ಟೋ, ಡಬ್ಬಿಯೋ, ಶುಭಾಶಯ ಪತ್ರವೋ ಆಗುತ್ತದೆ. ಇದನ್ನು ಮಾಡುವವರು ಮಿಕ್ಸ್‌ಡ್ ಮೀಡಿಯಾ ಎನ್ನುತ್ತಾರೆ. ಮಾಡದವರು ‘ಟೈಮ್‌ಪಾಸಾ?’ ಎನ್ನುತ್ತಾರೆ. ಎರಡೂ ಸರಿಯೇ.

ಹೊಸ ಕಾಗದದ ಕಟ್ಟು ಬಿಚ್ಚುವ ಗಳಿಗೆಯನ್ನು ಆದಷ್ಟು ಎಳೆಯುವುದು ನನ್ನ ಪದ್ಧತಿ. ಅಡುಗೆಮನೆ ಒರೆಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳದೆ ಟವೆಲಿಗೇ ಒರೆಸಿಕೊಂಡು ಕೂರುತ್ತೇನೆ. 12 ಅಂಗುಲದ ಚೌಕ ಹಾಳೆಗಳು, ಎರಡೂ ಮಗ್ಗುಲಿಗೆ ಅಚ್ಚು. ಮೊದಲನೆಯದರಲ್ಲಿ ಬಾಡಿದ ಗುಲಾಬಿಯ ಗೊಂಚಲು, ಹಿಂದೆ ತಿರುವಿದರೆ ಬೂದುಹಸಿರಿನ ಸಪೂರ ಗೆರೆಗಳು. ಎರಡನೆಯದರಲ್ಲಿ ಓಡುಬರಹದ ಕಾಗದ, ಅದರ ಮೇಲೆ ಶಾಯಿ ಚೆಲ್ಲಿದ ಕಲೆ. ಮೂರನೆಯದರಲ್ಲಿ ಬೀಗದ ಕೈಗಳು, ಜೇಬುಗಡಿಯಾರಗಳು, ರೈಲಿನ ಟಿಕೆಟು, ಚಿಟ್ಟೆ. ಬೆರಳಾಡಿಸಿದರೆ ಕೆಲವು ಹಾಳೆ ನುಣುಪು, ಕೆಲವು ಒರಟು. ಮೂಗಿಗೆ ಹಿಡಿದರೆ ಶಾಯಿಯ ಸಣ್ಣ ಘಾಟು. ಎಲ್ಲ ನೋಡಿ ಮುಗಿಸಿ, ಯಾವುದಕ್ಕೂ ಕತ್ತರಿ ಹಾಕುವ ಮನಸ್ಸಾಗದೆ, ಹಾಗೇ ಮಡಿಸಿಟ್ಟು ಎದ್ದುಬಿಡುವುದೂ ಉಂಟು. ಈ ಜಿಪುಣತನ ನನ್ನೊಬ್ಬಳದಲ್ಲ. ಕಾಗದ ಕೂಡಿಡುವುದು ಒಂದು ಹವ್ಯಾಸ, ಕಾಗದ ಬಳಸುವುದು ಬೇರೆಯದೇ ಹವ್ಯಾಸ ಎಂದು ಈ ದಾರಿಯಲ್ಲಿ ನಡೆದವರೆಲ್ಲ ಒಪ್ಪಿಕೊಂಡಿದ್ದಾರೆ.

ಆ ಹಾಳೆಗಳ ಹಳದಿಯನ್ನು ನೋಡುವಾಗ ನನಗೆ ನಗು ಬರುತ್ತದೆ. ನಿಜವಾದ ಹಳೆಯ ಕಾಗದ ಹಳದಿಯಾಗುವುದಕ್ಕೆ ಕಾರಣವಿದೆ. 19ನೇ ಶತಮಾನದ ನಡುಭಾಗದವರೆಗೆ ಕಾಗದವನ್ನು ಹೆಚ್ಚಾಗಿ ಚಿಂದಿಬಟ್ಟೆಯ ನಾರಿನಿಂದ ಮಾಡುತ್ತಿದ್ದರು. ಆಮೇಲೆ ಬೇಡಿಕೆ ಏರಿತು, ಚಿಂದಿ ಸಾಲದಾಯಿತು, ಮರದ ತಿರುಳು ಬಂತು. ಮರದಲ್ಲಿರುವ ಲಿಗ್ನಿನ್ ಬೆಳಕು ಗಾಳಿ ತಾಕಿದರೆ ಕಂದುತ್ತದೆ. ಶಾಯಿ ಹರಡಬಾರದೆಂದು ಬೆರೆಸುತ್ತಿದ್ದ ರಾಳ ಮತ್ತು ಪಟಿಕದ ಜಾತಿಯ ಲವಣದಿಂದ ಒಳಗೇ ಆಮ್ಲ ಹುಟ್ಟಿ ನಾರನ್ನು ತಿನ್ನುತ್ತದೆ. ಹಾಗಾಗಿ ಅಜ್ಜಿಯ ಕಾಲದ ಪುಸ್ತಕ ಮುಟ್ಟಿದರೆ ಪುಡಿಯಾಗುತ್ತದೆ, ಅದಕ್ಕಿಂತ ಇನ್ನೂರು ವರ್ಷ ಹಿರಿಯ ಪುಸ್ತಕ ಗಟ್ಟಿಮುಟ್ಟಾಗಿ ಕೂತಿರುತ್ತದೆ. ನನ್ನ ಮೇಜಿನ ಮೇಲಿನ ಕಟ್ಟಿನ ಹಿಂದೆ ‘ಆಮ್ಲರಹಿತ’ ಎಂದು ಬರೆದಿದೆ. ಅಂದರೆ ಈ ಹಳದಿ ಅಚ್ಚಿನದು, ವಯಸ್ಸಿನದಲ್ಲ. ಮುಪ್ಪು ಬಾರದಿರಲೆಂದೇ ತಯಾರಿಸಿದ ಕಾಗದಕ್ಕೆ ಮುಪ್ಪಿನ ಬಣ್ಣ ಬಳಿದಿದ್ದಾರೆ. ತಲೆಗೆ ಕಪ್ಪು ಹಚ್ಚಿಕೊಳ್ಳುವ ಊರಿನಲ್ಲಿ ಕಾಗದ ಒಂದೇ ದುಡ್ಡು ಕೊಟ್ಟು ನರೆ ಹಚ್ಚಿಸಿಕೊಳ್ಳುವುದು.

ಈ ಗುಲಾಬಿ, ಚಿಟ್ಟೆ, ರೆಕ್ಕೆಯ ಮಕ್ಕಳೆಲ್ಲ ಎಲ್ಲಿಂದ ಬಂದವು ಎಂದು ಹುಡುಕುತ್ತ ಹೋದರೆ ದಾರಿ ಯೂರೋಪಿನ ಕಲ್ಲಚ್ಚಿನ ಮನೆಗಳಿಗೆ ಮುಟ್ಟುತ್ತದೆ. ಫ್ರಾನ್ಸಿನ ಗೊಡೆಫ್ರುವಾ ಎಂಗೆಲ್ಮನ್ ಬಣ್ಣದ ಕಲ್ಲಚ್ಚಿಗೆ ಪೇಟೆಂಟ್ ಪಡೆದದ್ದು 1837ರಲ್ಲಿ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಹಾಳೆ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೋಗಿ ಬಂದು, ಕೂದಲೆಳೆಯಷ್ಟೂ ಜಾರದೆ ಕೂತರೆ ಮಾತ್ರ ಗುಲಾಬಿ ಗುಲಾಬಿಯಾಗುತ್ತದೆ. ಆ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಅಚ್ಚಿನ ಮನೆಗಳು ಹೂವು, ಹಕ್ಕಿ, ಮಕ್ಕಳ ಬಣ್ಣದ ಚಿತ್ರಗಳನ್ನು ಉಬ್ಬು ಅಚ್ಚೊತ್ತಿ, ಆಕಾರಕ್ಕೆ ಸರಿಯಾಗಿ ಕತ್ತರಿಸಿ, ಹಾಳೆಗಟ್ಟಲೆ ಮಾರಿದವು. ಸ್ಕ್ರ್ಯಾಪ್ ಎಂದೇ ಅವುಗಳ ಹೆಸರು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ, ಅತ್ತ ಅಮೆರಿಕದಲ್ಲಿ, ಹೆಂಗಸರು ಮಕ್ಕಳು ಅವನ್ನು ಆಲ್ಬಮ್ಮುಗಳಲ್ಲಿ ಅಂಟಿಸಿದರು. ಅಂಟು ಕಲಸಿ ಕಲಸಿ ಬೇಸತ್ತವರಲ್ಲಿ ಮಾರ್ಕ್ ಟ್ವೇನ್ ಕೂಡ ಒಬ್ಬ. ಹಾಳೆಗೆ ಮೊದಲೇ ಅಂಟು ಬಳಿದು ಒಣಗಿಸಿದ, ನೀರು ತಾಕಿಸಿದರೆ ಸಾಕೆನ್ನುವ ಸ್ಕ್ರ್ಯಾಪ್‌ಬುಕ್ಕಿಗೆ ಆತ 1873ರಲ್ಲಿ ಪೇಟೆಂಟ್ ಪಡೆದ. ಅಷ್ಟು ದೊಡ್ಡ ಲೇಖಕ, ಒಂದೂ ಅಕ್ಷರವಿಲ್ಲದ ಪುಸ್ತಕವನ್ನು ಪೇಟೆಗೆ ಬಿಟ್ಟು ಅದರಲ್ಲೂ ದುಡ್ಡು ಮಾಡಿಕೊಂಡ.

ಆದರೆ ಪದರದ ಕೆಲಸಕ್ಕೆ ನಾನು ಗುರುಸ್ಥಾನ ಕೊಡುವುದು ಬೇರೆ ಇಬ್ಬರಿಗೆ. ಮೊದಲನೆಯವರು ಮೇರಿ ಡಿಲೇನಿ. ಇಂಗ್ಲೆಂಡಿನ ಈ ವಿಧವೆ 1772ರಲ್ಲಿ, ತಮ್ಮ 72ನೇ ವಯಸ್ಸಿನಲ್ಲಿ, ಬಣ್ಣದ ಕಾಗದ ಕತ್ತರಿಸಿ ಹೂವಿನ ಚಿತ್ರ ಮಾಡಲು ಕೂತರು. ಕಪ್ಪು ಹಿನ್ನೆಲೆಯ ಮೇಲೆ ದಳಕ್ಕೆ ದಳ, ನೆರಳಿಗೆ ನೆರಳು, ಕೇಸರಕ್ಕೆ ಕೇಸರ, ಎಲ್ಲವೂ ಕಾಗದದ ತುಣುಕು. ಕಣ್ಣು ಮಂಜಾಗುವವರೆಗೆ ಹತ್ತು ವರ್ಷ ದುಡಿದು ಸಾವಿರದ ಹತ್ತಿರ ಹೂಗಳನ್ನು ಬಿಟ್ಟುಹೋದರು. ಅವು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ನಿವೃತ್ತಿಯಾದ ಮೇಲೆ ಏನು ಮಾಡುವುದೆಂದು ಕೇಳುವವರಿಗೆ ನಾನು ಇವರ ಹೆಸರು ಹೇಳುತ್ತೇನೆ. ಎರಡನೆಯವರು ಅಮೆರಿಕದ ವೂಸ್ಟರಿನ ಎಸ್ತರ್ ಹೌಲೆಂಡ್. 1847ರಲ್ಲಿ ಕಾಲೇಜು ಮುಗಿಸಿ ಬಂದ ಈ ಹುಡುಗಿ, ಇಂಗ್ಲೆಂಡಿನಿಂದ ಬಂದ ಒಂದು ವ್ಯಾಲಂಟೈನ್ ಪತ್ರ ನೋಡಿ, ಇದನ್ನು ನಾನೂ ಮಾಡಬಲ್ಲೆ ಎಂದುಕೊಂಡಳು. ತಂದೆಯದು ಕಾಗದ ಪುಸ್ತಕದ ವ್ಯಾಪಾರ, ಸಾಮಾನಿಗೆ ಕೊರತೆಯಿರಲಿಲ್ಲ. ಬಿಳಿ ಲೇಸು ಕಾಗದದ ಕೆಳಗೆ ಬಣ್ಣದ ಕಾಗದ ಇಟ್ಟು ಅಂದ ಎದ್ದುಕಾಣಿಸಿದಳು. ಮಾದರಿಗಳನ್ನು ಊರೂರಿಗೆ ಒಯ್ದ ಸೋದರ ಇನ್ನೂರು ಡಾಲರಿನ ಆರ್ಡರು ತಂದರೆ ಸಾಕೆಂದು ಆಕೆ ಕಾದಿದ್ದಳಂತೆ, ಆತ ಐದು ಸಾವಿರ ದಾಟಿಸಿಕೊಂಡು ಬಂದನಂತೆ. ಗೆಳತಿಯರನ್ನು ಮೇಜಿನ ಸುತ್ತ ಕೂರಿಸಿ, ಒಬ್ಬಳು ಕತ್ತರಿಸಲು, ಒಬ್ಬಳು ಅಂಟಿಸಲು ಎಂದು ಕೆಲಸ ಹಂಚಿದಳು. ಊಟದ ಮೇಜಿನ ಒಂದು ತುದಿಗೇ ಗೊಣಗುವವರು ಆ ಮನೆಯನ್ನು ನೋಡಬೇಕಿತ್ತು.

ಈ ಹುಚ್ಚಿನ ಇಂದಿನ ಅವತಾರಕ್ಕೆ ಊರು ಅಮೆರಿಕದ ಯೂಟಾ. ವಂಶಾವಳಿ ಬರೆದಿಡುವುದು ಅಲ್ಲಿನ ಮಾರ್ಮನ್ ಪಂಥದವರಿಗೆ ಧಾರ್ಮಿಕ ಕರ್ತವ್ಯ. 1980ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದ ವಂಶದಾಖಲೆಗಳ ವಿಶ್ವ ಸಮ್ಮೇಳನಕ್ಕೆ ಮೇರಿಲೆನ್ ಕ್ರಿಸ್ಟೆನ್ಸನ್ ಎಂಬ ಗೃಹಿಣಿ ತಮ್ಮ ಮನೆಯ ಐವತ್ತು ಆಲ್ಬಮ್ ಹೊತ್ತು ತಂದರು. ಜನ ಮುಗಿಬಿದ್ದರು. ಮರುವರ್ಷ ಅವರು ಅಂಗಡಿಯನ್ನೇ ತೆರೆದರು. ಅಲ್ಲಿಂದ ಬೆಳೆದ ವ್ಯಾಪಾರ ನಮ್ಮ ಬೆಂಗಳೂರಿನ ಕ್ರಾಫ್ಟ್ ಅಂಗಡಿಗಳ ಕಪಾಟಿನವರೆಗೆ ಬಂದು ನಿಂತಿದೆ.

ಇಷ್ಟೆಲ್ಲ ತಿಳಿದುಕೊಂಡ ಮೇಲೂ ನನ್ನೊಳಗೆ ಒಂದು ಮುಜುಗರ ಉಳಿದಿತ್ತು. ಈ ಹಾಳೆಗಳಲ್ಲಿ ಮತ್ತೆ ಮತ್ತೆ ಬರುವ ಐಫೆಲ್ ಗೋಪುರವನ್ನು ನಾನು ನೋಡಿಲ್ಲ. ಸರಪಳಿಯ ಜೇಬುಗಡಿಯಾರ ನಮ್ಮ ವಂಶದಲ್ಲಿ ಯಾರ ಜೇಬಿನಲ್ಲೂ ಇರಲಿಲ್ಲ, ಜೇಬೇ ಇರಲಿಲ್ಲ. ನಮ್ಮ ಮಲೆನಾಡಿನ ಮನೆಯ ಹಳೆಯದೆಂದರೆ ಹೊಗೆ ಹಿಡಿದ ಅಟ್ಟ, ಎಣ್ಣೆಜಿಡ್ಡಿನ ಕಂಬ, ಗೆದ್ದಲು ತಿಂದುಳಿಸಿದ ಪಂಚಾಂಗ. ಹಾಗಿರುವಾಗ ಯಾರದೋ ಅಜ್ಜಿಯ ಗುಲಾಬಿಯನ್ನು ನನ್ನ ಗೋಡೆಗೆ ನೇತುಹಾಕಿ ‘ಆಹಾ, ಹಳೆಯ ಕಾಲ’ ಎನ್ನುವುದು ಯಾವ ನ್ಯಾಯ? ಬಾಡಿಗೆ ಒಡವೆ ಹಾಕಿಕೊಂಡು ಮದುವೆಗೆ ಹೋದವಳ ಸಂಕಟ ಅದು.

ಆ ಸಂಕಟ ಬಿಡಿಸಿದ್ದು ನಮ್ಮ ತವರುಮನೆಯ ದೇವರ ಕೋಣೆಯ ಲಕ್ಷ್ಮಿ. ರವಿವರ್ಮನ ಅಚ್ಚಿನ ಪಟ, ಎಲ್ಲರ ಮನೆಯಲ್ಲೂ ಇರುವ ತಾವರೆಯ ಮೇಲೆ ನಿಂತ ಲಕ್ಷ್ಮಿಯೇ. ಆದರೆ ಈಕೆಯ ಸೀರೆ ಅಚ್ಚಿನದಲ್ಲ, ಬಟ್ಟೆಯದು. ಮುಖ, ಕೈ, ಪಾದ, ತಾವರೆ ಮಾತ್ರ ಚಿತ್ರದವು; ಸೀರೆಯ ಜಾಗಕ್ಕೆ ಸರಿಯಾಗಿ ರೇಷ್ಮೆಯ ತುಂಡು ಕತ್ತರಿಸಿ ಅಂಟಿಸಿ, ಅಂಚಿಗೆ ಜರಿ ಹೊಲಿದು, ಸರದ ಜಾಗದಲ್ಲಿ ಮಣಿ, ಕಿರೀಟಕ್ಕೆ ಚಮಕಿ ಕೂರಿಸಿದ್ದಾರೆ. ಮಾಡಿದವರು ಮುತ್ತಜ್ಜಿಯಂತೆ. ಹೀಗೆ ಪಟಕ್ಕೆ ಬಟ್ಟೆ, ಜರಿ, ಚಮಕಿ ಹಚ್ಚಿ ಸಿಂಗರಿಸುವುದು ಆಗ ಎಷ್ಟೋ ಮನೆಗಳಲ್ಲಿ ಇತ್ತು. ಅಂಥ ಪಟಗಳನ್ನು ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ನಾನು ಚಿಕ್ಕಂದಿನಿಂದ ಕೈಮುಗಿದ ಆ ಪಟವನ್ನು ಒಮ್ಮೆ ಕನ್ನಡಕ ಹಾಕಿಕೊಂಡು ನೋಡಿದೆ. ಅಚ್ಚಿನ ಕಾಗದ ಕೆಳಗೆ, ಅದರ ಮೇಲೆ ಬಟ್ಟೆ, ಅದರ ಮೇಲೆ ದಾರ, ಅದರ ಮೇಲೆ ಮಣಿ, ಎಲ್ಲಕ್ಕೂ ಮುಂದೆ ಗಾಜು. ನಾನು ದುಡ್ಡು ಕೊಟ್ಟು ಕಾರ್ಯಾಗಾರಕ್ಕೆ ಹೋಗಿ ಕಲಿತದ್ದು ದೇವರ ಗೂಡಿನಲ್ಲೇ ಇತ್ತು.

ಆ ಲಕ್ಷ್ಮಿಯಾದರೂ ಎಲ್ಲಿಯವಳು? ರವಿವರ್ಮ ಮುಂಬಯಿಯಲ್ಲಿ ಅಚ್ಚುಕೂಟ ಶುರುಮಾಡಿದ್ದು 1894ರಲ್ಲಿ. ಯಂತ್ರ ಜರ್ಮನಿಯದು, ನಡೆಸಲು ಬಂದ ಕುಶಲಿಗರೂ ಜರ್ಮನ್ನರು. ಮುಂದೆ ಅವರಲ್ಲೇ ಒಬ್ಬ, ಫ್ರಿಟ್ಸ್ ಶ್ಲೈಷರ್, ಅಚ್ಚುಕೂಟವನ್ನೇ ಕೊಂಡ. ಅಂದರೆ ವಿಕ್ಟೋರಿಯಾ ಕಾಲದ ಹುಡುಗಿಯರ ಆಲ್ಬಮ್ಮಿನ ಗುಲಾಬಿಗೂ ನಮ್ಮ ಮನೆಯ ಲಕ್ಷ್ಮಿಗೂ ವಿದ್ಯೆ ಒಂದೇ, ಬಣ್ಣದ ಕಲ್ಲಚ್ಚು. ಆಗಿನ ಬಟ್ಟೆಯ ಥಾನುಗಳ ಮೇಲೂ ಇದೇ ಕಥೆ. ಮ್ಯಾಂಚೆಸ್ಟರಿನ ವ್ಯಾಪಾರಿಗಳು ಇಲ್ಲಿಗೆ ಕಳಿಸುವ ಬಟ್ಟೆಗೆ ಕೃಷ್ಣ, ಲಕ್ಷ್ಮಿ, ಆನೆ, ಹುಲಿಯ ಬಣ್ಣದ ಚೀಟಿ ಅಂಟಿಸುತ್ತಿದ್ದರು. ಸಮುದ್ರದಾಚೆ ಅಚ್ಚಾದ ನಮ್ಮ ದೇವರು ಪರದೇಶದ ಬಟ್ಟೆಯ ಜೊತೆ ಮನೆಗೆ ಬಂದು ಗೋಡೆ ಹತ್ತಿದರು. ಪಟ ಬಂದದ್ದು ಎಲ್ಲಿಂದಲೋ, ಅದಕ್ಕೆ ಸೀರೆ ಉಡಿಸಿದ ಕೈ ಮಾತ್ರ ನಮ್ಮದು. ಉಡಿಸಿದ ಮೇಲೆ ಪಟವೂ ನಮ್ಮದಾಯಿತು. ಅವತ್ತಿನಿಂದ ನಾನು ಐಫೆಲ್ ಗೋಪುರದ ಜೊತೆ ಜಗಳ ಬಿಟ್ಟೆ.

ಇನ್ನೂ ಹಿಂದೆ ಹೋಗುವವರಿಗೆ ಬಿಜಾಪುರವಿದೆ. ನೀರಿನ ಮೇಲೆ ಬಣ್ಣ ತೇಲಿಸಿ, ಕಡ್ಡಿಯಿಂದ ಕದಡಿ, ಕಾಗದವನ್ನು ಮೆಲ್ಲಗೆ ಹಾಸಿ ಎತ್ತಿದರೆ ಬಣ್ಣದ ಸುಳಿಗಳು ಹಾಳೆಗೆ ಹತ್ತುತ್ತವೆ. ದಪ್ಪ ಪುಸ್ತಕಗಳ ರಟ್ಟಿನ ಒಳಮೈಗೆ ಹಚ್ಚುತ್ತಿದ್ದ ಮಾರ್ಬಲ್ ಕಾಗದ ಇದೇ. 17ನೇ ಶತಮಾನದಲ್ಲಿ ಆದಿಲ್ ಶಾಹಿಗಳ ಬಿಜಾಪುರದ ಕಲಾವಿದರು ಇದನ್ನು ಬರೀ ಹಿನ್ನೆಲೆಯಾಗಿ ಬಿಡಲಿಲ್ಲ. ಬೇಡದ ಜಾಗವನ್ನು ಮುಚ್ಚಿಟ್ಟು, ಬೇಕಾದ ಆಕಾರಕ್ಕೆ ಮಾತ್ರ ಸುಳಿ ಹತ್ತಿಸಿ, ಚಿತ್ರವನ್ನೇ ಬರೆದರು. ಮೂಳೆ ಚಕ್ಕಳವಾದ ಒಂದು ಕುದುರೆ, ಅದರ ಮೈಯೆಲ್ಲ ಬಣ್ಣದ ಸುಳಿ. ಅಂಥ ಚಿತ್ರಗಳು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿವೆ. ಇವತ್ತು ನಾನು ಸ್ಟೆನ್ಸಿಲ್ಲು ಇಟ್ಟು, ಸುತ್ತ ಟೇಪು ಹಚ್ಚಿ, ಬೇಕಾದಲ್ಲಿ ಮಾತ್ರ ಬಣ್ಣ ತಟ್ಟುವಾಗ, ಈ ಉಪಾಯ ನಮ್ಮ ಸೀಮೆಗೆ ಹೊಸದಲ್ಲ ಎಂಬ ಜಂಬ ಸ್ವಲ್ಪ ಇರುತ್ತದೆ.

ಇನ್ನು ಕೆಲಸದ ಮಾತು. ಈಚೆಗೆ ಮುಗಿಸಿದ ಒಂದು ಚೌಕಟ್ಟನ್ನೇ ತೆಗೆದುಕೊಳ್ಳುತ್ತೇನೆ. ಅದರ ನಡುಮನೆಯಲ್ಲಿ ಕೂರಬೇಕಾದದ್ದು ಅಜ್ಜನ ಲೆಕ್ಕದ ಪುಸ್ತಕದ ಒಂದು ಹಾಳೆ. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ. ಅಡಿಕೆ ಸುಲಿದವರಿಗೆ ಕೊಟ್ಟದ್ದು, ಸೀಮೆಎಣ್ಣೆ, ಬೆಲ್ಲ, ಗಾಡಿ ಬಾಡಿಗೆ, ಎಲ್ಲವೂ ರೂಪಾಯಿ ಆಣೆ ಪೈಗಳಲ್ಲಿ. ‘೩-೮-೦’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರೆ ಆ ದಿನ ಮುಗಿಯಿತು. ಒಂದು ಮೂಲೆಯಲ್ಲಿ ಗುಂಡುಸೂಜಿಯ ತುಕ್ಕು ಕಂದು ಚುಕ್ಕೆಯಾಗಿ ಹಾಳೆಯಿಂದ ಹಾಳೆಗೆ ಇಳಿದಿದೆ. ಇಂಥದ್ದನ್ನು ಕತ್ತರಿಸಲು ಕೈ ಬರುವುದಿಲ್ಲ, ಬರಲೂಬಾರದು. ಮೂಲವನ್ನು ಭದ್ರವಾಗಿಟ್ಟು ಜೆರಾಕ್ಸ್ ಬಳಸಬೇಕು. ಅದೂ ಪುಡಿಶಾಯಿಯ ಲೇಸರ್ ಪ್ರತಿಯಾಗಬೇಕು. ಮನೆಯ ಇಂಕ್‌ಜೆಟ್ಟಿನ ಪ್ರತಿಗೆ ಅಂಟಿನ ತೇವ ತಾಕಿದರೆ ಅಜ್ಜನ ಲೆಕ್ಕ ಕಣ್ಣೆದುರೇ ಕರಗುತ್ತದೆ. ಪ್ರತಿ ತೀರ ಬೆಳ್ಳಗೆ ಬಂದರೆ ಅದಕ್ಕೆ ಡಿಕಾಕ್ಷನ್ ಸ್ನಾನ. ಚಿಕೋರಿ ಬೆರೆತ ಪುಡಿಯ ಎರಡನೇ ಡಿಕಾಕ್ಷನ್ನನ್ನು ಬ್ರಶ್ಶಿನಿಂದ ಸವರಿ, ಪುಡಿಯ ಗಸಿಯನ್ನು ಅಲ್ಲಲ್ಲಿ ಉದುರಿಸಿ, ಒಣಗಿದ ಮೇಲೆ ಕೊಡವಿದರೆ ಒಳ್ಳೆಯ ಚುಕ್ಕೆಗಳೇಳುತ್ತವೆ. ಮೊದಲ ಡಿಕಾಕ್ಷನ್ ಕುಡಿಯಲಿಕ್ಕೆ. ಕಲೆ ಎಷ್ಟೇ ದೊಡ್ಡದಾದರೂ ಅದಕ್ಕೂ ಒಂದು ಮಿತಿ ಬೇಡವೇ?

ತಳಕ್ಕೆ ಎರಡು ಮಿಲಿಮೀಟರಿನ ರಟ್ಟು. ಅದಕ್ಕೆ ತೆಳ್ಳಗೆ ಜೆಸ್ಸೋ, ಅಂದರೆ ಬಿಳಿಯ ಅಸ್ತರಿ ಬಣ್ಣ. ಇದನ್ನು ಬಳಿದರೆ ರಟ್ಟು ಅಂಟನ್ನು ಕುಡಿಯುವುದಿಲ್ಲ, ಮೇಲಿನ ಬಣ್ಣ ಮಂಕಾಗುವುದಿಲ್ಲ. ಮೈಸೂರು ಶೈಲಿಯ ಚಿತ್ರದಲ್ಲಿ ಒಡವೆಯ ಜಾಗ ಉಬ್ಬಿಸಿ ಚಿನ್ನದ ರೇಕು ಕೂರಿಸುವುದಕ್ಕೆ ಬಳಸುವ ಬಿಳಿ ಗಸಿಯೂ ಇದೇ ಕುಲದ್ದು. ಅದರ ಮೇಲೆ ಮೊದಲ ಕಾಗದ. ಇಲ್ಲಿ ಕಾಗದದ ಎಳೆ ನೋಡಬೇಕು. ಯಂತ್ರದಲ್ಲಿ ಮಾಡಿದ ಕಾಗದಕ್ಕೆ ಒಂದು ದಿಕ್ಕಿನ ನಾರಿರುತ್ತದೆ. ಆ ದಿಕ್ಕಿಗೆ ಬಗ್ಗಿಸಿದರೆ ಹಿತವಾಗಿ ಬಗ್ಗುತ್ತದೆ, ಅಡ್ಡಕ್ಕೆ ಬಗ್ಗಿಸಿದರೆ ಮುನಿಸಿಕೊಳ್ಳುತ್ತದೆ. ತೇವ ತಾಕಿದಾಗ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನೇ ಬಾಗಿಸುತ್ತದೆ. ಅದಕ್ಕೆ ರಟ್ಟಿನ ಬೆನ್ನಿಗೂ ಒಂದು ಹಾಳೆ ಅಂಟಿಸಬೇಕು. ಮುಂದಿನದು ಈ ಕಡೆ ಎಳೆದರೆ ಹಿಂದಿನದು ಆ ಕಡೆ ಎಳೆಯುತ್ತದೆ, ನಡುವಿನ ರಟ್ಟು ನೆಟ್ಟಗಿರುತ್ತದೆ. ಅತ್ತೆ ಸೊಸೆಯರ ನಡುವಿನ ಮಗ ಈ ರಟ್ಟಿನಷ್ಟು ಅದೃಷ್ಟವಂತನಲ್ಲ.

ಅಂಟಿನ ವಿಷಯದಲ್ಲಿ ನಮ್ಮವರ ಅನುಭವ ದೊಡ್ಡದು. ಶೃಂಗೇರಿ ಮಠದಲ್ಲಿ ಹಳೆಯ ಲೆಕ್ಕಪತ್ರಗಳ ಕಡತಗಳಿವೆ. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಬಳಪದಲ್ಲಿ ಬರೆದು, ಮಡಿಕೆ ಮಡಿಕೆಯಾಗಿ ಮಡಚಿಟ್ಟದ್ದು. ಬೈಂಡಿಂಗ್ ಮಾಡುವವರು ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು, ಹುಳ ಮುಟ್ಟುತ್ತಿರಲಿಲ್ಲ. ವಿಷ ಅದು, ಮಕ್ಕಳ ಕೈಗೆ ಸಿಗಬಾರದು. ನಾನು ತೆಳುವಾದ ಕಾಗದಕ್ಕೆ ಫೆವಿಕಾಲ್ ಬಳಸುವುದಿಲ್ಲ, ಅದರ ನೀರಿಗೆ ಹಾಳೆ ಅಲೆ ಏಳುತ್ತದೆ. ಅಲ್ಲಿಗೆ ಅಂಟುಕಡ್ಡಿ ಅಥವಾ ಎರಡು ಬದಿ ಅಂಟಿನ ಟೇಪು. ಗುಂಡಿ, ಮರ, ಲೋಹಕ್ಕೆ ಫೆವಿಕಾಲ್. ಮಳೆಗಾಲದಲ್ಲಿ ಮಲೆನಾಡಿಗೆ ಹೋದಾಗ ಈ ಕೆಲಸವನ್ನೇ ಮುಟ್ಟುವುದಿಲ್ಲ. ಅಲ್ಲಿ ಆಷಾಢದಲ್ಲಿ ಹಪ್ಪಳವೇ ಗರಿಗರಿಯಾಗಿ ಉಳಿಯದು, ಕಾಗದದ ಪಾಡೇನು?

ಎರಡನೇ ಪದರವನ್ನು ಕತ್ತರಿಸುವುದಿಲ್ಲ, ಹರಿಯುತ್ತೇನೆ. ಅಚ್ಚಿನ ಕಾಗದವನ್ನು ಹರಿದಾಗ ಒಂದು ತುಂಡಿಗೆ ಬಿಳಿಯ ಒಳಮೈ ಅಂಚಾಗಿ ಸಿಗುತ್ತದೆ, ಇನ್ನೊಂದಕ್ಕೆ ಸಿಗುವುದಿಲ್ಲ; ಕೈ ಎಳೆಯುವ ದಿಕ್ಕಿನ ಮೇಲೆ ಅದು ನಿಂತಿದೆ. ಆ ಬಿಳಿಯಂಚಿಗೆ ಸ್ಪಂಜಿನಲ್ಲಿ ಕಂದು ಶಾಯಿಯನ್ನು ಹೊರಗಿನಿಂದ ಒಳಕ್ಕೆ ಹಗುರವಾಗಿ ಎಳೆಯಬೇಕು. ಅಂಚು ಒಮ್ಮೆ ಬಣ್ಣ ಹಿಡಿಯಿತೆಂದರೆ ಹಾಳೆಗೆ ಆಳ ಬರುತ್ತದೆ, ಒಂದರ ಮೇಲೊಂದಿಟ್ಟ ಕಾಗದಗಳು ಬೇರೆಬೇರೆಯಾಗಿ ಉಸಿರಾಡತೊಡಗುತ್ತವೆ. ಮೂರನೆಯದನ್ನು ಫೋಮ್ ಟೇಪಿನ ತುಂಡುಗಳ ಮೇಲೆ ನಿಲ್ಲಿಸುತ್ತೇನೆ. ಒಂದೆರಡು ಮಿಲಿಮೀಟರು ಮೇಲೆದ್ದರೆ ಸಾಕು, ಕೆಳಗೆ ನೆರಳು ಬೀಳುತ್ತದೆ. ಆ ನೆರಳನ್ನು ಯಾವ ಅಂಗಡಿಯೂ ಮಾರುವುದಿಲ್ಲ, ಬೆಳಗಿನ ಕಿಟಕಿ ಪುಕ್ಕಟೆ ಕೊಡುತ್ತದೆ.

ಲೇಸಿಗೆ ಚಿಕ್ಕಪೇಟೆಯೇ ಆಗಬೇಕು. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿಗಳನ್ನು ಸುತ್ತಿ, ಹಳೆಯ ಮಾದರಿಗಳನ್ನು ಬೇಡಿ, ಬಂಗಾರದ ಅಚ್ಚಿನ ಗಣಪತಿಗಳನ್ನು ಚೀಲಕ್ಕೆ ಇಳಿಸಿಕೊಂಡು ಅತ್ತ ನಡೆಯುತ್ತೇನೆ. ಲೇಸಿನ ಅಂಗಡಿಯವನದು ಒಂದೇ ಪ್ರಶ್ನೆ:

‘ಯಾವ ಬ್ಲೌಸಿಗೆ ಅಮ್ಮಾ? ಪೀಸ್ ತಂದಿದೀರಾ?’

‘ಬ್ಲೌಸಿಗಲ್ಲಪ್ಪ, ಕಾಗದಕ್ಕೆ.’

‘ಕಾಗದಕ್ಕಾ?’ ಎಂದು ಒಮ್ಮೆ ನನ್ನನ್ನು, ಒಮ್ಮೆ ಪಕ್ಕದಲ್ಲಿದ್ದ ನನ್ನ ಮಗಳನ್ನು ನೋಡಿದ. ಕೆಳಗಿನ ಖಾನೆಯಿಂದ ಒಂದು ರಟ್ಟಿನ ಸುರುಳಿ ಹೊರಬಿತ್ತು. ‘ಅದು ಬೇಡ ಅಮ್ಮಾ, ಹಳೇ ಸ್ಟಾಕು. ಬೆಳ್ಳಗಿದ್ದದ್ದು ಹಳದಿ ತಿರುಗಿದೆ.’

‘ಅದನ್ನೇ ಕೊಡಪ್ಪ.’

‘ಕಲೆ ಇದೆಯಲ್ಲಮ್ಮ!’

‘ಕಲೆ ಇರೋ ಕಡೆಯಿಂದಲೇ ಎರಡು ಮೀಟರು ಹರಿ.’

ಅವನ ವ್ಯಾಪಾರದ ಬದುಕಿನಲ್ಲಿ ಕಲೆಗಾಗಿ ಚೌಕಾಸಿ ಮಾಡಿದ ಗಿರಾಕಿ ನಾನೇ ಮೊದಲಿರಬೇಕು. ಮಿಕ್ಕಿದ್ದನ್ನೂ ಸೇರಿಸಿ ಸುರುಳಿಯನ್ನೇ ಕೊಟ್ಟುಬಿಟ್ಟ. ಅಚ್ಚಿನ ಹಳದಿಯ ನಡುವೆ ಆ ಲೇಸೊಂದು ನಿಜವಾದ ಹಳದಿ. ಕಣ್ಣಿಗೆ ವ್ಯತ್ಯಾಸ ಕಾಣದು, ನನಗೆ ಮಾತ್ರ ಗೊತ್ತು.

ಲೇಸು ಅಜ್ಜನ ಹಾಳೆಯ ಕೆಳಗಿಂದ ಒಂದು ಬೆರಳು ಮಾತ್ರ ಇಣುಕುವ ಹಾಗೆ ಹೋಯಿತು. ಅದರ ಕೆಳಗೆ ಗುಲಾಬಿ, ಗುಲಾಬಿಯ ಕೆಳಗೆ ಓಡುಬರಹದ ಹಾಳೆ, ಅದರ ಕೆಳಗೆ ಲಗ್ನಪತ್ರಿಕೆಯ ಒಂದು ಸೀಳು. ಯಾರದೋ ಮದುವೆಯ ‘ಸುಖಾಗಮನವನ್ನು ಬಯಸುವ’ ಎಂಬಲ್ಲಿ ‘ಸುಖಾ’ ಮಾತ್ರ ಕಾಣುತ್ತದೆ. ಇಷ್ಟು ಖರ್ಚು ಮಾಡಿ ತಂದ ಹಾಳೆಯಲ್ಲಿ ಮುಕ್ಕಾಲು ಪಾಲು ಇನ್ನೊಂದರ ಅಡಿಗೆ ಹೋಗಿ ಮುಚ್ಚಿಹೋಗುತ್ತದೆ. ಹೊಸಬರಿಗೆ ಇದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಮುಚ್ಚುವ ಕಡೆ ಬರೀ ರದ್ದಿ ಇಟ್ಟು ಅಂಚಿಗಷ್ಟೇ ಒಳ್ಳೆ ಕಾಗದ ಹಚ್ಚಿದರಾಗದೇ ಎನ್ನುತ್ತಾರೆ. ಆಗುತ್ತದೆ, ಎಷ್ಟೋ ಜನ ನಡುಭಾಗ ಕತ್ತರಿಸಿ ಉಳಿಸಿಕೊಳ್ಳುತ್ತಾರೆ. ನಾನು ಉಳಿಸುವುದಿಲ್ಲ. ಮೇಲಿನ ಹಾಳೆಯನ್ನು ಕೂರಿಸುವವರೆಗೆ ಎಲ್ಲಿ ಏನು ಕಾಣಬೇಕೆಂಬುದು ನನಗೇ ಗೊತ್ತಿರುವುದಿಲ್ಲ. ಸ್ವಲ್ಪ ಓರೆ ಮಾಡಿದರೆ ಚಿಟ್ಟೆ ಮುಚ್ಚಿ ಗಡಿಯಾರ ಬರುತ್ತದೆ, ಮೇಲೆ ಸರಿಸಿದರೆ ಗಡಿಯಾರ ಹೋಗಿ ಬರಹ ಬರುತ್ತದೆ. ಅಡಿಯಲ್ಲಿ ಸಮೃದ್ಧಿ ಇದ್ದರೆ ತಾನೆ ಈ ಸರಿಸಾಟಕ್ಕೆ ಅರ್ಥ? ಇಡೀ ಮಧ್ಯಾಹ್ನ ಹೀಗೆ ಸರಿಸುತ್ತ ಕೂತರೂ ಬೇಸರವಿಲ್ಲ. ಅಂಟು ಹಚ್ಚಿದೊಡನೆ ಆಟ ಮುಗಿಯಿತು, ಅದಕ್ಕೇ ಅಂಟು ಹಚ್ಚುವುದನ್ನು ಮುಂದೂಡುತ್ತಲೇ ಇರುತ್ತೇನೆ.

ನಿಲ್ಲಿಸುವುದು ಕಲಿಯುವುದೇ ಇದರಲ್ಲಿ ಕಷ್ಟದ ಪಾಠ. ಗುಂಡಿ ಕೂರಿಸಿದ ಕೂಡಲೇ ಪಕ್ಕದಲ್ಲಿ ಇನ್ನೊಂದು ಇದ್ದರೆ ಎನ್ನಿಸುತ್ತದೆ. ಎರಡು ಆದರೆ ಕಣ್ಣು ಬಿಟ್ಟ ಮುಖ ಆಗಿಬಿಡುತ್ತದೆ, ಮೂರು ಬೇಕು. ಮೂರು ಆದಮೇಲೆ ಎದುರು ಮೂಲೆ ಬಿಕೋ ಎನ್ನುತ್ತದೆ. ಅಲ್ಲಿಗೊಂದು ಹೂವು, ಹೂವಿಗೊಂದು ಮಣಿ, ಮಣಿಗೊಂದು ದಾರ. ಹೀಗೆ ಹೋದರೆ ಕೊನೆಗೆ ಅಜ್ಜನ ‘೩-೮-೦’ ಹುಡುಕಿದರೂ ಸಿಗುವುದಿಲ್ಲ. ಅಜ್ಜ ಲೆಕ್ಕದ ಕೆಳಗೆ ಎರಡು ಗೆರೆ ಎಳೆದು ಪುಸ್ತಕ ಮುಚ್ಚುತ್ತಿದ್ದರು. ಎರಡು ಗೆರೆ ಎಳೆಯುವ ಧೈರ್ಯ ನನಗೆ ಈ ಕೆಲಸದಲ್ಲಿ ನಿಧಾನಕ್ಕೆ ಬರುತ್ತಿದೆ. ಈ ಚೌಕಟ್ಟಿನಲ್ಲಿ ಬಲಗಡೆಯ ಒಂದಂಗುಲ ಖಾಲಿ ಬಿಟ್ಟಿದ್ದೇನೆ. ನೋಡಿದವರು ಅಲ್ಲೇನಾದರೂ ಹಾಕಬೇಕಿತ್ತು ಎಂದರು. ಅವರಿಗೂ ಹುಚ್ಚು ಹತ್ತುವ ಲಕ್ಷಣ ಕಾಣುತ್ತಿದೆ.

ಮುಗಿಸುವ ಮುನ್ನ ಚೌಕಟ್ಟನ್ನು ಮಗುಚಿ, ಬೆನ್ನಿನ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಒಂದು ವಿವರ ಬರೆಯುತ್ತೇನೆ. ಮಾಡಿದ ಊರು ಬೆಂಗಳೂರು, ಇಸವಿ ಇಂಥದ್ದು. ಗುಲಾಬಿ ಅಂಗಡಿಯದು, ಹೊಸದು. ಹಳದಿ ಡಿಕಾಕ್ಷನ್ನಿನದು. ಲೇಸು ಚಿಕ್ಕಪೇಟೆಯದು, ನಿಜವಾಗಿಯೂ ಹಳೆಯದು. ಲೆಕ್ಕ ಅಜ್ಜನದು, ಇದು ಪ್ರತಿ, ಮೂಲ ತವರುಮನೆಯ ಕಪಾಟಿನಲ್ಲಿದೆ. ಮಗಳು ನಗುತ್ತಾಳೆ, ಪಟದ ಬೆನ್ನನ್ನು ಯಾರಮ್ಮ ಓದುತ್ತಾರೆ ಎಂದು. ಲಕ್ಷ್ಮಿಯ ಪಟದ ಬೆನ್ನನ್ನು ನಾನು ತಿರುಗಿಸಿ ನೋಡಿದವಳು. ಅಲ್ಲಿ ಏನೂ ಬರೆದಿರಲಿಲ್ಲ. ಆ ಸೀರೆಯ ಚೂರು ಯಾರ ಮದುವೆಯದು, ಮಣಿ ಯಾವ ಜಾತ್ರೆಯದು, ಜರಿ ಹೊಲಿದದ್ದು ಎಷ್ಟು ಮಧ್ಯಾಹ್ನ, ಒಂದೂ ಗೊತ್ತಾಗಲಿಲ್ಲ. ಮುತ್ತಜ್ಜಿಗೆ ಪೆನ್ಸಿಲು ಸಿಕ್ಕಿರಲಿಕ್ಕಿಲ್ಲ, ಅಕ್ಷರವೂ ಬರುತ್ತಿರಲಿಲ್ಲವಂತೆ. ನನಗೆ ಎರಡೂ ಇವೆ. ಬರೆಯದೆ ಬಿಟ್ಟರೆ ಸೋಮಾರಿತನವಲ್ಲದೆ ಬೇರೇನು?